ಮೆಣಸಿನಕಾಯಿ ಪೈಕಿ

ನನ್ನ ತಂಗಿ ಜಾಹೀದಾ ಬಿ.ಎ. ಪಾಸಾದ ಸರ್ಟಿಫಿಕೇಟು ಹಿಡಿದುಕೊಂಡು ಹಾವೇರಿಯಿಂದ ನೇರ ಬ್ಯಾಡಗಿಯ ಮಾರುಕಟ್ಟೆಗೇ ಬಂದಳು. ಅಂದು ಗುರುವಾರ, ಚೀಲಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಬೆನ್ನ ಮೇಲಿನ ಚೀಲ ಇಳಿಸಿ, ಕೈಗೆ ಮೆಣಸಿನಕಾಯಿಯ ಕೆಂಪು ಹತ್ತಿದ್ದರಿಂದ ಕಾಗದ ಮುಟ್ಟದೆ ಬಗ್ಗಿ ಓದಿದೆ. ಜಾಹೀದಾ ಯೂಸುಫಸಾಬ ಮೆಣಸಿನಕಾಯಿ.

ಸಿಟ್ಟು ನೆತ್ತಿಗೇರಿತು. ಹದಿನೈದು ವರ್ಷದ ಹಿಂದಿನ ನನ್ನ ತಪ್ಪು ಮುದ್ರೆ ಒತ್ತಿಸಿಕೊಂಡು ಬಂದಿತ್ತು.

ನಮ್ಮ ಅಡ್ಡಹೆಸರು ಐರಣಿ. ಅಜ್ಜ ತುಂಗಭದ್ರೆಯ ದಂಡೆಯ ಆ ಹೆಸರಿನ ಊರಿನಿಂದ ಬಂದವನು. 1979ರಲ್ಲಿ ಚೀಲ ಹೊತ್ತು ಹೊತ್ತು ಅಪ್ಪನ ಸೊಂಟ ಹೋಯಿತು. ಏಳನೆಯದು ಪಾಸಾಗಿದ್ದ ನಾನು ಎಂಟಕ್ಕೆ ಹೋಗುವ ಬದಲು ಮಾರುಕಟ್ಟೆಗೆ ಹೋದೆ, ಮೊದಲು ಚೀಲ ಹೊಲಿಯಲು, ಆಮೇಲೆ ಹೊರಲು. ಅದೇ ತಿಂಗಳು ಜಾಹೀದಾಳನ್ನು ಕನ್ಯಾಶಾಲೆಗೆ ಹಚ್ಚಲು ಕರೆದೊಯ್ದವನೂ ನಾನೇ. ಮಾಸ್ತರರು ರಿಜಿಸ್ಟರಿನಿಂದ ತಲೆ ಎತ್ತದೆ, ಯಾವ ಪೈಕಿ ನೀವು ಎಂದು ಕೇಳಿದರು. ಅವರು ಕೇಳಿದ್ದು ಮನೆತನ. ನನ್ನ ಕಿವಿಯಲ್ಲಿ ಆಗಲೇ ಮಾರುಕಟ್ಟೆ ಹೊಕ್ಕಿತ್ತು. ಅಲ್ಲಿ ಹಮಾಲರ ತಂಡಗಳಿಗೆ ಹತ್ತಿಯ ಪೈಕಿ, ಜೋಳದ ಪೈಕಿ, ಮೆಣಸಿನಕಾಯಿ ಪೈಕಿ ಎನ್ನುತ್ತಿದ್ದರು.

"ಮೆಣಸಿನಕಾಯಿ ಪೈಕಿ ರೀ," ಎಂದಿದ್ದೆ.

ಆ ಅಡ್ಡಹೆಸರಿನ ಮನೆತನಗಳೂ ನಮ್ಮ ಕಡೆ ಇವೆ. ಮಾಸ್ತರರಿಗೆ ಅನುಮಾನ ಬರಲಿಲ್ಲ, ಬರೆದುಕೊಂಡರು.

ಅವಳು ಹತ್ತನೆಯದು ಪಾಸಾದಾಗ ಹಾವೇರಿ ಕೋರ್ಟಿನ ಮುಂದೆ ವಕೀಲರೊಬ್ಬರನ್ನು ಹಿಡಿದು, ಅಪ್ಪನ ಹೆಬ್ಬೆಟ್ಟು ಒತ್ತಿಸಿ, ಹೆಸರು ತಿದ್ದಲು ಅಫಿಡವಿಟ್ಟು ಮಾಡಿಸಿ ಕೊಟ್ಟಿದ್ದೆ. ತಿದ್ದಿಸಿಕೊಂಡಿದ್ದಾಳೆ ಎಂದೇ ನಂಬಿದ್ದೆ.

"ಆ ಕಾಗದ ಎಲ್ಲಿ ಹಾಕಿದಿ?"

"ಮನ್ಯಾಗ ಐತಿ. ಕೊಟ್ಟಿಲ್ಲ."

ಚೀಲದ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮ ತಂಡದ ಹಿರಿಯ ಫಕ್ಕೀರಸಾಬ ನಕ್ಕ. "ನಮ್ಮ ಪೈಕಿಯೊಳಗ ಬಿ.ಎ. ಅಂದ್ರ ಇದ ಮೊದಲು. ಮಾಲು ಚಲೋ ಐತಿ ಶಮಶೇರ, ನೀ ಯಾಕ ಕೆಮ್ಮಾಕತ್ತಿ?"

ಅವನ ಮೇಲೂ ಹರಿಹಾಯ್ದೆ. ಹಮಾಲನ ತಂಗಿ ಎಂದು ಊರೂರು ಸಾರಿಕೊಂಡು ತಿರುಗು ಎಂದು ಅವಳಿಗೆ ಅಂದೆ. ಅಪ್ಪ, ಅಜ್ಜ, ಅಜ್ಜನ ಊರು, ಬಾಯಿಗೆ ಬಂದದ್ದೆಲ್ಲ ಅಂದೆ. ನಾನು ಮುಗಿಸಿದ ಮೇಲೆ ಅವಳು ಸರ್ಟಿಫಿಕೇಟು ಒಳಗಿಟ್ಟಳು.

"ಭಾಯಿ, ಐರಣಿಯವರು ಯಾರೂ ನನ್ನ ಸಾಲಿಗೆ ಕಳಿಸಿಲ್ಲ. ಮೆಣಸಿನಕಾಯಿ ಪೈಕಿಯಾಂವ ಕಳಿಸ್ಯಾನ. ಖರೇ ಇದ್ದದ್ದನ್ನ ಯಾಕ ತಿದ್ದಲಿ?"

ನಾನು ಮತ್ತೆ ಬಯ್ಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಇನ್ನೊಂದು ಕಾಗದ ತೆಗೆದಳು. ಶಾಲೆ ಬಿಟ್ಟವರು ಹೊರಗಿನಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ಅರ್ಜಿ. ನನ್ನ ಹೆಸರು, ಹುಟ್ಟಿದ ದಿನ, ಎಲ್ಲ ತುಂಬಿದ್ದಳು. ನಾನು ಓದಿದ ಶಾಲೆಯಿಂದ ಏಳನೆಯದರ ದಾಖಲೆ ತಂದು, ಸಹಿ ಹಾಕಬೇಕು. ಕೊನೆಯ ದಿನ ನಾಳೆ.

ಇಪ್ಪತ್ತೆಂಟು ವರ್ಷದವನು ಮೀಸೆ ಇಟ್ಟುಕೊಂಡು ಮಕ್ಕಳ ನಡುವೆ ಕೂತರೆ ಜನ ಏನೆಂದಾರು ಎಂದೆ. ನನಗೇನು ಬರುತ್ತದೆ ಎಂದೂ ಕೇಳಿದೆ. ಅವಳ ಒಂಬತ್ತನೆಯ ತರಗತಿಯ ಬೀಜಗಣಿತದ ಪುಸ್ತಕಕ್ಕೆ ರಟ್ಟು ಹಾಕಿಕೊಟ್ಟವನು ನಾನು. ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಲೆಕ್ಕ ಬಿಡಿಸಿ ಅಳಿಸಿದ್ದೆ. ಅಳಿಸಿದ್ದು ಪೂರ್ತಿ ಅಳಿಸಿರಲಿಲ್ಲವಂತೆ. ಅದನ್ನು ಅವಳು ಈಗ ಫಕ್ಕೀರಸಾಬನ ಎದುರೇ ಹೇಳಿದಳು.

"ಹನ್ನೊಂದು ಲೆಕ್ಕದಾಗ ಒಂಬತ್ತು ಬರೊಬ್ಬರಿ ಇದ್ದವು," ಎಂದಳು.

"ವಯಸ್ಸು ಮುಗದೈತಿ, ಜಾಹೀದಾ."

"ಸಿಟ್ಟು ಮಾಡಾಕ ಮುಗದಿಲ್ಲ. ಓದಾಕಷ್ಟ ಮುಗದೈತಿ?"

ಫಕ್ಕೀರಸಾಬ ಈ ಸಲ ನಗಲಿಲ್ಲ. ಹದಿನೈದು ವರ್ಷ ನಾನು ದಲಾಲಿಗಳ ಮೇಲೆ, ಲಾರಿ ಡ್ರೈವರುಗಳ ಮೇಲೆ, ಮಲಗಿದ ಅಪ್ಪನ ಮೇಲೂ ಉರಿದಿದ್ದೆ. ಆ ಉರಿಯಿಂದ ಒಂದು ಒಲೆಯೂ ಹತ್ತಿರಲಿಲ್ಲ. ಅರ್ಜಿಯನ್ನು ಅವಳ ಕೈಯಿಂದ ಕಿತ್ತುಕೊಂಡೆ.

ಲಾರಿಗೆ ಇನ್ನೂ ಆರು ಚೀಲ ಬಾಕಿ ಇದ್ದವು. ಏರಿಸಿದೆ. ಮೈ ತೊಳೆಯಲು ಮನೆಗೆ ಹೋದರೆ ಶಾಲೆ ಮುಚ್ಚುತ್ತಿತ್ತು, ಹಾಗೇ ನಡೆದೆ. ಶಾಲೆಯ ಗುಮಾಸ್ತರು ನನ್ನ ಅಂಗಿಯ ಘಾಟಿಗೆ ಎರಡು ಸಲ ಸೀನಿ, ನಾಳೆ ಸ್ನಾನ ಮಾಡಿ ಬಾ ಎಂದರು. ದಾಖಲೆ ಕೊಡುವವರೆಗೆ ಕದಲುವುದಿಲ್ಲ ಎಂದೆ. ಮೂರನೆಯ ಸೀನಿಗೆ ಹಳೆಯ ರಿಜಿಸ್ಟರು ಕೆಳಗಿಳಿಯಿತು.

"ಯಾವ ಪೈಕಿಪಾ ನೀ?"

ಈ ಸಲ ತಿಳಿದೇ ಹೇಳಿದೆ. "ಅಡ್ಡಹೆಸರು ಐರಣಿ ರೀ. ಪೈಕಿ ಮೆಣಸಿನಕಾಯಿ."

ಅವರು ದಾಖಲೆ ಬರೆದು ಕೊಟ್ಟರು. ಅಲ್ಲೇ ನಿಂತು ಅರ್ಜಿಗೆ ಸಹಿ ಹಾಕಿದೆ. ಸಹಿಯ ಪಕ್ಕ ಹೆಬ್ಬೆರಳಿನ ಕೆಂಪು ಉಳಿಯಿತು. ಕಾಗದ ಹೊಲಸಾಯಿತು, ಬೇರೆ ತುಂಬಿಕೊಂಡು ಬಾ ಎಂದರು ಗುಮಾಸ್ತರು.

ಇದೇ ಇರಲಿ ಎಂದು ಮಡಚಿ ಜೇಬಿಗಿಟ್ಟುಕೊಂಡೆ.