ಟಿವಿಗೊಂದು ಬೀರು

ಇದನ್ನು ಹೇಳಲು ಹೊರಟದ್ದೇ ಅಧಿಕಪ್ರಸಂಗ, ಮೊದಲೇ ಮನ್ನಿಸಿಬಿಡಿ. ಒಂದು ಮನೆಯವರು ಟಿವಿ ಬಚ್ಚಿಡಲು ಬೀರು ಹುಡುಕಿದರು ಎಂಬುದರಲ್ಲಿ ಆಕಾಶ ಕಳಚಿ ಬೀಳುವಂಥದ್ದೇನೂ ಇಲ್ಲ. ಮೇಲಾಗಿ ಅತ್ತೆ ಸೊಸೆಯರ ಮಾತನ್ನು ಮೂರನೆಯವರು ಹೇಳಹೊರಟರೆ ಎಲ್ಲೋ ಒಂದು ಕಡೆಗೆ ವಾಲಿಯೇ ವಾಲುತ್ತದೆ. ಆದಷ್ಟು ವಾಲದಂತೆ ನೋಡಿಕೊಳ್ಳುತ್ತೇನೆ.

ದರ್ಜಿಯ ಹೆಂಡತಿಗೆ ಹಳೆಯದೆಂದರೆ ಪ್ರಾಣ. ಅವಳ ನಡುಮನೆಗೆ ಕಾಲಿಟ್ಟವರಿಗೆ ಮುತ್ತಜ್ಜನ ಕಾಲಕ್ಕೆ ಬಂದೆವೇನೋ ಅನ್ನಿಸಬೇಕು. ಕೀಲಿ ಕೊಡುವ ಗೋಡೆ ಗಡಿಯಾರ, ಹೂವಿನಂತೆ ಬಾಯಿ ತೆರೆದ ಹಾಡಿನ ಪೆಟ್ಟಿಗೆ, ಬೆರಳಿಟ್ಟು ತಿರುಗಿಸುವ ಫೋನು, ಸಿಂಹದ ಪಂಜದಂಥ ಕಾಲಿನ ಕುರ್ಚಿಗಳು. ಗಡಿಯಾರ ನಡೆಯುತ್ತಿರಲಿಲ್ಲ, ಪೆಟ್ಟಿಗೆ ಹಾಡುತ್ತಿರಲಿಲ್ಲ, ಫೋನಿಗೆ ತಂತಿಯೇ ಇರಲಿಲ್ಲ, ಕುರ್ಚಿಗಳ ಮೇಲೆ ಯಾರೂ ಕೂರುವಂತಿರಲಿಲ್ಲ. "ನಮ್ಮನೇಲಿ ಕೆಲಸ ಮಾಡೋದು ನಾನೊಬ್ಬನೇ," ಎಂದು ದರ್ಜಿ ಹೇಳುವುದಿತ್ತು. ಹೇಳುತ್ತಿದ್ದದ್ದು ಅಂಗಡಿಯಲ್ಲಿ, ಹೆಂಡತಿ ಇಲ್ಲದಾಗ.

ಅಂಥ ಮನೆಗೆ ದರ್ಜಿಯ ಅಮ್ಮ ಬಂದಳು. ದೊಡ್ಡ ಮಗನ ಮನೆಯಲ್ಲಿ ಹೊಂದಿಕೆಯಾಗದೆ ಬಂದವಳು. ಜೊತೆಗೆ ತಂದದ್ದು ಒಂದು ಸೂಟ್‌ಕೇಸು, ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ, ಬಾಗಿಲಿನಷ್ಟು ಅಗಲದ ಒಂದು ಟಿವಿ. ನಿಂತ ಗಡಿಯಾರದ ಕೆಳಗೆ ಟಿವಿ ಕೂತಿತು, ಟಿವಿಯ ಎದುರು ಕುರ್ಚಿ ಕೂತಿತು, ಕುರ್ಚಿಯಲ್ಲಿ ಅಮ್ಮ ಕೂತಳು.

ಸೊಸೆ ಒಳ್ಳೆಯವಳು. ಅತ್ತೆ ಬಂದದ್ದಕ್ಕೆ ಒಂದು ಮಾತೂ ಆಡಲಿಲ್ಲ. ಆಡಿದ್ದೆಲ್ಲ ಟಿವಿಯ ಮೇಲೆ.

"ಕಣ್ಣಿಗೆ ಕುಕ್ಕುತ್ತೆ ರೀ. ಮನೇಲಿ ಒಂದು ಕಪ್ಪು ಹಳ್ಳ ತೋಡಿದ ಹಾಗಿದೆ. ಒಂದು ಹಳೇ ಮರದ ಬೀರು ಹುಡುಕಿ. ನೋಡೋವಾಗ ಬಾಗಿಲು ತೆಗೆಯೋದು, ಆಮೇಲೆ ಮುಚ್ಚೋದು. ಅವರ ಪಾಡಿಗೆ ಅವರು, ನನ್ನ ಪಾಡಿಗೆ ನಾನು."

ಅಮ್ಮನೂ ಒಳ್ಳೆಯವಳೇ. "ತಾರೋ ಮಾರಾಯ. ಇವತ್ತು ಟಿವಿ ಕಣ್ಣಿಗೆ ಕುಕ್ತು. ನಾಳೆ ನಾನು ಕುಕ್ಕಿದ್ರೆ ಇನ್ನೂ ದೊಡ್ಡ ಬೀರು ಬೇಕಾಗುತ್ತೆ, ಈಗ್ಲೇ ಒಂದು ನೋಡಿಟ್ಕೊಂಡಿರು," ಎಂದು ನಕ್ಕಳು.

ದರ್ಜಿಗೆ ನಗು ಬರಲಿಲ್ಲ. ಅಮ್ಮ ಬಂದು ತಿಂಗಳುಗಳಾದರೂ ಆ ಸೂಟ್‌ಕೇಸು ಖಾಲಿಯಾಗಿರಲಿಲ್ಲ. ಬೆಳಗ್ಗೆ ಅದರಿಂದ ಒಂದು ಜೊತೆ ಬಟ್ಟೆ ತೆಗೆಯುವಳು. ಒಣಗಿದ್ದನ್ನು ಮಡಿಸಿ ಮತ್ತೆ ಅದರಲ್ಲೇ ಇಟ್ಟು ಜಿಪ್ಪು ಎಳೆಯುವಳು. ಆ ಸದ್ದಿಗೆ ಅವನ ಎದೆ ಧಸಕ್ಕೆನ್ನುತ್ತಿತ್ತು. ಅಣ್ಣನ ಮನೆಯಿಂದಲೂ ಅಮ್ಮ ಹೊರಟದ್ದು ಹೀಗೇ. ಜಗಳವಿಲ್ಲ, ರಂಪವಿಲ್ಲ, ಒಂದು ಬೆಳಗ್ಗೆ ಜಿಪ್ಪು ಎಳೆದು ಎದ್ದುಬಿಟ್ಟಿದ್ದಳು. ಇಲ್ಲಿಂದಲೂ ಎದ್ದರೆ, ಹೋಗಲು ಅವಳಿಗೆ ಮೂರನೆಯ ಮಗ ಇರಲಿಲ್ಲ.

ಅದಕ್ಕೇ ಬೀರು ನೋಡಲು ಅವಳನ್ನೂ ಕರೆದುಕೊಂಡು ಹೊರಟ. "ಟಿವಿ ನಿಂದು, ಒಪ್ಪಿಗೆನೂ ನಿಂದೇ ಇರ್ಲಿ." ಕತ್ತರಿ ಹಿಡಿಯುವುದನ್ನು ಅವನಿಗೆ ಕಲಿಸಿದವಳೂ ಅವಳೇ. ಹಾಗಾಗಿ ಅವಳು ಜೊತೆಗಿದ್ದರೆ ಧೈರ್ಯ.

ಹಳೇ ಸಾಮಾನಿನ ಅಂಗಡಿಯವನನ್ನು ಎಲ್ಲರೂ ಕರೆಯುತ್ತಿದ್ದದ್ದು ಧೂಳಪ್ಪ ಎಂದು. ಅವನು ಮೊದಲು ತೋರಿಸಿದ್ದು ಗಾಜಿನ ಬಾಗಿಲಿನ ಬೀರು.

"ಇದರಲ್ಲಿ ಬಚ್ಚಿಟ್ರೆ ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗೆ," ಎಂದಳು ಅಮ್ಮ.

ಎರಡನೆಯದು ಗಟ್ಟಿ ಮರದ್ದು, ಬಾಗಿಲ ಮೇಲೆ ಬಳ್ಳಿಯ ಕೆತ್ತನೆ. "ನೂರು ವರ್ಷದ್ದು, ತಾಯಿ," ಎಂದ ಧೂಳಪ್ಪ.

"ಧೂಳು ನೂರು ವರ್ಷದ್ದು. ಬೀರು ನನಗಿಂತ ಚಿಕ್ಕದು. ಇಂಥದ್ದನ್ನ ಒರೆಸಿ ಒರೆಸಿ ನನ್ನ ಅರ್ಧ ಆಯಸ್ಸು ಹೋಯ್ತು. ಮಾರಿದ ಮೇಲೆ ಪೀಡೆ ಕಳೀತು ಅಂದ್ಕೊಂಡಿದ್ದೆ. ಈಗ ಸೊಸೆ ದುಡ್ಡು ಕೊಟ್ಟು ತರಿಸ್ತಿದ್ದಾಳೆ!" ಎನ್ನುತ್ತ ಅಮ್ಮ ಪಕ್ಕದ ಹಲಗೆಯನ್ನು ಬೆರಳ ಗಿಣ್ಣಿನಿಂದ ಕುಟ್ಟಿದಳು.

ದರ್ಜಿ ಕೊರಳಲ್ಲಿದ್ದ ಟೇಪು ತೆಗೆದ. ಒಂದು ತುದಿ ಅಮ್ಮ ಹಿಡಿದಳು. ಬೀರುವಿನ ಈ ಭುಜದಿಂದ ಆ ಭುಜದವರೆಗೆ ಅವನು ಎಳೆದು ನೋಡಿದ.

"ಒಳಗೆ ಸಾಮಾನು ತುಂಬಿದೆ. ಖಾಲಿ ಮಾಡ್ಲಾ, ನೋಡ್ತೀರಾ?" ಎಂದ ಧೂಳಪ್ಪ.

"ಯಾಕೆ ಸುಮ್ಮನೆ ತೊಂದರೆ? ಟಿವಿ ಅಳತೆ ಬಾಯಿಪಾಠ ಇದೆ. ಸರಿಯಾಗಿ ಹಿಡಿಸಿ, ಸಡಿಲಕ್ಕೂ ಒಂಚೂರು ಮಿಗುತ್ತೆ," ಎಂದ ದರ್ಜಿ.

ಅಮ್ಮ ಟೇಪಿನ ತುದಿ ಬಿಟ್ಟಳು.

ಬೀರು ಮನೆಗೆ ಬಂದಾಗ ಹೆಂಡತಿಯ ಮುಖ ಮೊರದಗಲವಾಯಿತು. ಕೆತ್ತನೆಯ ಮೇಲೆ ಕೈಯಾಡಿಸಿದಳು, ಬಾಗಿಲು ತೆಗೆದು ಮುಚ್ಚಿ ಮಾಡಿ ಅದರ ಕಿರ್ರೆಂಬ ಸದ್ದಿಗೇ ಮರುಳಾದಳು. ಗಂಡಹೆಂಡಿರು ಟಿವಿಯನ್ನು ಆ ಕಡೆ ಈ ಕಡೆ ಹಿಡಿದೆತ್ತಿದರು. ನೇರ ನೂಕಿದರು, ಹೋಗಲಿಲ್ಲ. ಓರೆ ಮಾಡಿದರು, ಹೋಗಲಿಲ್ಲ. ಉಸಿರು ಬಿಗಿಹಿಡಿ ಎನ್ನಲು ಅದು ಗಿರಾಕಿಯೂ ಅಲ್ಲ.

"ಅಳತೆ ತಗೊಂಡ್ರಾ?"

"ತಗೊಂಡೆ."

"ಎಲ್ಲಿಂದ?"

"ಹೊರಗಿಂದ."

ಹೆಂಡತಿ ಟಿವಿಯನ್ನು ಮೆಲ್ಲಗೆ ಕೆಳಗಿಟ್ಟಳು. ದರ್ಜಿ ಬೀರುವಿನ ದಪ್ಪ ಹಲಗೆಯನ್ನು ಆಗ ಮೊದಲ ಸಲ ನೋಡಿದವನಂತೆ ನೋಡಿದ. ಜೀವಮಾನವಿಡೀ ಮನುಷ್ಯರನ್ನು ಹೊರಗಿನಿಂದಲೇ ಅಳೆದವನು. ಬಟ್ಟೆ ಮೈಯ ಮೇಲೆ ಬರುವಂಥದ್ದು, ಮೈಯೊಳಗೆ ಹೋಗುವಂಥದ್ದಲ್ಲ.

"ಇಷ್ಟು ವರ್ಷ ದರ್ಜಿಯಾಗಿದ್ದೂ..."

"ದರ್ಜಿಯಾಗಿದ್ದಕ್ಕೇ ಕಣೇ."

"ಸರಿ. ಇನ್ನು ಕೂತು ಬೀರುಗೊಂದು ಕೋಟು ಹೊಲೀರಿ!" ಎಂದಳು, ಅಳುವುದೋ ನಗುವುದೋ ತಿಳಿಯದೆ.

"ಬೀರುಗ್ಯಾಕೆ? ಟಿವಿಗೆ ಹೊಲೀಲಿ," ಎಂದಳು ಅಮ್ಮ ಕೆಂಪು ಕುರ್ಚಿಯಿಂದ. "ಮೈ ಮೇಲೆ ಹಾಕೋದಾದ್ರೆ ಇವನ ಅಳತೆ ತಪ್ಪಲ್ಲ."

ಮೂವರೂ ನಕ್ಕರು. ನಕ್ಕು ಮುಗಿದರೂ ಬೀರು ಬಾಯಿ ತೆರೆದುಕೊಂಡು ನಡುಮನೆಯಲ್ಲಿ ನಿಂತೇ ಇತ್ತು, ಒಳಗೆ ಬರೀ ಖಾಲಿ. ಹೆಂಡತಿ ಅದನ್ನೇ ನೋಡುತ್ತ ನಿಂತಿದ್ದವಳು ಹೇಳಿದಳು: "ಅತ್ತೆ, ಖಾಲಿ ಬೀರು ಇಟ್ಕೊಂಡ್ರೆ ಚೆನ್ನಾಗಿರಲ್ಲ. ನಿಮ್ಮ ಬಟ್ಟೆ ಇಡ್ತೀರಾ?"

"ನಂದೆಲ್ಲ ನೈಲಾನು. ನಿನ್ನ ಬೀರುವಿನ ಮಾನ ಹೋಗುತ್ತೆ."

"ಬಾಗಿಲು ಮುಚ್ಚಿದ್ರೆ ಯಾರಿಗೆ ಕಾಣುತ್ತೆ?" ಎಂದಳು ಸೊಸೆ. ಆಮೇಲೆ ಬಾಗಿಲನ್ನು ಇನ್ನಷ್ಟು ತೆರೆದು, "ತೆಗೆದ್ರೂ ಪರವಾಗಿಲ್ಲ ಬಿಡಿ," ಎಂದಳು.

ಅಮ್ಮ ಎದ್ದು ಒಳಗೆ ಹೋದಳು. ಜಿಪ್ಪಿನ ಸದ್ದು ಕೇಳಿ ದರ್ಜಿಯ ಎದೆ ರೂಢಿಯಂತೆ ಧಸಕ್ಕೆಂದಿತು. ಸದ್ದು ನಿಂತಮೇಲೆ ಅಮ್ಮ ಹೊರಗೆ ಬಂದಳು, ಎರಡೂ ಕೈತುಂಬ ಮಡಿಸಿದ ಬಟ್ಟೆ. ಮತ್ತೆ ಹೋದಳು, ಮತ್ತೆ ತಂದಳು. ಸಂಜೆಯ ಹೊತ್ತಿಗೆ ಬಟ್ಟೆಯೆಲ್ಲ ಬೀರುವಿನೊಳಗೆ ಸೇರಿತ್ತು, ಖಾಲಿ ಸೂಟ್‌ಕೇಸು ಬೀರುವಿನ ನೆತ್ತಿಯೇರಿತ್ತು.

"ಅದು ಅಲ್ಲೇ ಇರ್ಲಿ ರೀ," ಎಂದಳು ಹೆಂಡತಿ ಹಿಂದೆ ಸರಿದು ನೋಡುತ್ತ. "ಎಷ್ಟು ಹಳೇದಾಗಿ ಕಾಣುತ್ತೆ!"

ಹಳೆಯ ಹೂವಿನ ಪರದೆಯ ಬಟ್ಟೆಯಲ್ಲಿ ದರ್ಜಿ ಟಿವಿಗೆ ಗುಂಡಿ ಹಾಕುವ ಕೋಟು ಹೊಲಿದ. ಚರ್ಮದಂತೆ ಕೂತಿತು. ಬಟ್ಟೆ ಮಿಕ್ಕಿದ್ದರಿಂದ ಕೆಂಪು ಕುರ್ಚಿಗೂ ಒಂದು ಆಗಲಿ ಎಂದು ಸೊಸೆ ಕೇಳಿದಳಂತೆ. "ಕುರ್ಚಿ ಮುಟ್ಟಿದ್ರೆ ನೋಡು!" ಎಂದಳಂತೆ ಅತ್ತೆ. ಕುರ್ಚಿ ಈಗಲೂ ಕೆಂಪಗೇ ಇದೆ.

ಟೇಪಿನ ಇನ್ನೊಂದು ತುದಿ ಅಂದು ಅಮ್ಮನ ಕೈಯಲ್ಲಿತ್ತು. ಹಲಗೆಯನ್ನು ಕುಟ್ಟಿ ದಪ್ಪ ನೋಡಿದವಳೂ ಅವಳೇ. ದರ್ಜಿ ಒಮ್ಮೆ ಕೇಳಿಯೇ ಬಿಟ್ಟ: "ಟಿವಿ ಹಿಡಿಸಲ್ಲ ಅಂತ ನಿನಗಾಗ್ಲೇ ಗೊತ್ತಿತ್ತೇನಮ್ಮ?"

"ಸುಮ್ನಿರೋ, ಧಾರಾವಾಹಿ ಬರ್ತಿದೆ," ಎಂದಳು ಅವಳು, ಟಿವಿಯ ಗುಂಡಿ ಬಿಚ್ಚುತ್ತ.

ಅವಳಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.