ವೈಜನಾಥ ಭಾವನ ಬೈಗುಳ

ನಮ್ಮ ವೈಜನಾಥ ಭಾವ ನಾಶಿಕದಲ್ಲಿ ಕಟ್ಟಡ ಕೆಲಸದ ಮುಕಾದಮರು. ಅವರು ಸೈಟಿನಲ್ಲಿ ನಿಂತು ಕೂಲಿಯವರನ್ನು ಕೂಗಿದರೆ ದೂರದ ನಿಫಾಡಿನ ತೋಟಗಳಲ್ಲಿ ದ್ರಾಕ್ಷಿ ಉದುರುತ್ತಿತ್ತು. ನಾನೇ ಆರಿಸಿ ತಿಂದಿದ್ದೇನೆ. ಅಂಥವರಿಗೆ ದೀಪಾವಳಿ ಹೊತ್ತಿಗೆ ಲಕ್ವಾ ಹೊಡೆಯಿತು. ಕೈಕಾಲು ಸರಿಹೋದವು, ಮಾತು ಹೋಯಿತು. ಸಿಟ್ಟು ಮಾತ್ರ ಪೂರ್ತಿ ಒಳಗೇ ಉಳಿಯಿತು. ಕೂಲಿಯವರು ಬೇರೆ ಮುಕಾದಮನನ್ನು ಹುಡುಕತೊಡಗಿದರು.

ಊರಲ್ಲೊಬ್ಬ ‘ಮಾತಿನ ಡಾಕ್ಟರ್’ ಎಂದು ಬೋರ್ಡು ಹಾಕಿಕೊಂಡಿದ್ದ. ಭಾವನ ನಾಲಿಗೆಗೆ ಬಜೆ ತೇಯ್ದು ಹಚ್ಚಿ, ದಿನಾ ಶಂಖ ಊದಿಸಿದ. ಓಣಿಯ ನಾಯಿಗಳೆಲ್ಲ ದೂರದ ಘೋಟಿ ಊರಿಗೆ ಗುಳೆ ಹೋದವು. ಮಾತು ಬರಲಿಲ್ಲ.

“ಲೈಸೆನ್ಸ್ ಎಲ್ಲ್ಯದ, ತೋರಸ್ರಿ,” ಎಂದೆ.

“ನಂಬಿಕೆ ಮುಖ್ಯ,” ಎಂದ ಮರಾಠಿಯಲ್ಲಿ.

“ನಂಬಿಕಿ ಸುಡ್ಲಿ! ನೀನೇ ಊದು!” ಎಂದು ನಮ್ಮಕ್ಕ ಕಸ್ತೂರಿಬಾಯಿ ಶಂಖವನ್ನು ಅವನ ಮೇಜಿಗೆ ಕುಕ್ಕಿ ಗಂಡನನ್ನು ಎಬ್ಬಿಸಿಕೊಂಡು ಬಂದಳು.

ವಿಚಾರಿಸಿ ವಿಚಾರಿಸಿ ಕೊನೆಗೆ ಛತ್ರಪತಿ ಸಂಭಾಜಿನಗರದಲ್ಲಿ ಸ್ಪೀಚ್ ಥೆರಪಿಸ್ಟ್ ಮೃಣಾಲಿನಿ ಮೇಡಂ ಸಿಕ್ಕರು. ಸ್ವಂತ ಕ್ಲಿನಿಕ್ಕು, ಬಾಗಿಲ ಮೇಲೇ ರಿಜಿಸ್ಟ್ರೇಶನ್ ನಂಬರು. ಬಜೆ ಇಲ್ಲ, ಶಂಖ ಇಲ್ಲ. ಮರಾಠಿಯಲ್ಲೇ ಕೇಳಿದರು: “ಇವರು ಮನೆಯಲ್ಲಿ ಯಾವ ಭಾಷೆಯಲ್ಲಿ ಬಯ್ಯುತ್ತಿದ್ದರು?”

ಅಕ್ಕನೂ ಮರಾಠಿಯಲ್ಲೇ ಹೇಳಿದಳು, “ಕನ್ನಡದಾಗರಿ. ಅದೂ ಬರೇ ನನಗ.”

“ಹಾಗಾದರೆ ಕನ್ನಡದಿಂದಲೇ ಶುರು ಮಾಡೋಣ. ನನಗೆ ಬರುವುದಿಲ್ಲ, ನೀವೇ ಹೇಳಿಕೊಡಿ. ಮೊದಲು ಅವರ ಹೆಸರು.”

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹಿಂದೆ ರೇಶನ್ ಕಾರ್ಡಿನ ಸಾಹೇಬರು ಕೇಳಿದಾಗ “ಪರಳಿ ದೇವರ ಹೆಸರ್ರಿ” ಎಂದಿದ್ದಳು. ಪಾಪ, ಅವರು ಪರಳಿಗೆ ಹೋಗಿ ವೈಜನಾಥ ದೇವರ ದರ್ಶನ ಮಾಡಿ ಬಂದು ಬರೆದುಕೊಂಡರು.

ಅಕ್ಕನ ಬದಲು ನಾನೇ ಹೇಳಿಕೊಟ್ಟೆ. ಭಾವ ಫ್ಯಾನು ನೋಡುತ್ತ ಕೂತರು.

“ಹೆಂಡತಿಯೇ ಹೇಳಲಿ,” ಎಂದರು ಮೇಡಂ.

ಅಕ್ಕ ಗಂಡನನ್ನು ನೋಡಿದಳು. ಶಂಖದವನ ಮೇಲಿನ ಸಿಟ್ಟು, ಕೈಬಿಟ್ಟ ಕೂಲಿಯವರ ಮೇಲಿನ ಸಿಟ್ಟು, ಫ್ಯಾನು ನೋಡುವ ಗಂಡನ ಮೇಲಿನ ಸಿಟ್ಟು, ಎಲ್ಲ ಒಮ್ಮೆಗೇ ಗಂಟಲಿಗೆ ಬಂತು.

“ಏ ವೈಜನಾಥ! ಬಾಯಿ ಬಿಡೋ!”

ಭಾವ ಎದ್ದು ನಿಂತರು. ಮುಖ ಕೆಂಡವಾಯಿತು. ತುಟಿ ಅದುರಿತು.

“ಏ... ಏನಂದಿ?”

“ಇಷ್ಟಕ್ಕೇ ಗುಣವಾಯಿತು ಅಂದುಕೊಳ್ಳಬೇಡಿ, ಬಹಳ ದಿನ ಬರಬೇಕು,” ಎಂದು ಮೇಡಂ ಎಚ್ಚರಿಸಿದರು. ಅಕ್ಕ ಕೇಳಿಸಿಕೊಂಡಂತೆ ಕಾಣಲಿಲ್ಲ.

ವಾಪಸು ರೈಲಿನಲ್ಲಿ ಪ್ರತಿ ಸ್ಟೇಷನ್ನಿಗೂ ಆಕೆ “ವೈಜನಾಥ!” ಎನ್ನುವುದು, ಅವರು “ಏನಂದಿ?” ಎಂದು ಗುಡುಗುವುದು. ಮನ್ಮಾಡ್ ಬರುವಷ್ಟರಲ್ಲಿ ಡಬ್ಬಿಯಲ್ಲಿ ನಾವು ಮೂವರೇ ಉಳಿದಿದ್ದೆವು.

“ಇನ್ನ ಸಾಕು ಬಿಡಕ್ಕಾ,” ಎಂದೆ.

“ಸುಮ್ಕಿರು,” ಎಂದು ಅಕ್ಕ ಕಣ್ಣೊರೆಸಿಕೊಂಡು ಮತ್ತೆ ಅವರತ್ತ ತಿರುಗಿದಳು. “ಏ ವೈಜನಾಥ!”