ಅರಿಸಿನದ ಚುಕ್ಕೆಗಳು

"ಹೊಟ್ಟೆನೋವು ಯಾವಾಗಿಂದ?" ಎಂದು ಡಾಕ್ಟರ್ ಅಸ್ಮಾ ಕೇಳಿದ್ದೇ ತಡ, ಮಾರಮ್ಮ ಚೀಲದಿಂದ ಗೋಡೆಯ ಕ್ಯಾಲೆಂಡರನ್ನೇ ತೆಗೆದು ಮೇಜಿನ ಮೇಲಿಟ್ಟಳು. ಅಟ್ಟೂರಿನ ಅವಳ ಕೊಟ್ಟಿಗೆಯ ಹಸುಗಳು ಬೆದೆಗೆ ಬಂದ ದಿನಕ್ಕೆ ಇದ್ದಿಲಿನ ಗೀಟು. ಮೊಮ್ಮಗಳು ಮಧುಶ್ರೀ ಹೊಟ್ಟೆ ಹಿಡಿದು ಹೊರಳಾಡಿದ ದಿನಕ್ಕೆ ಅರಿಸಿನದ ಚುಕ್ಕೆ.

"ಚುಕ್ಕೆ ಇಟ್ಟ ದಿನ ದೃಷ್ಟಿ ತೆಗ್ದಿದೀನಿ ತಾಯಿ, ತಾಯ್ತ ಕಟ್ಸಿದೀನಿ. ಒಟ್ಟೆನೋವು ನಿಲ್ಲಲಿಲ್ಲ." ಮಾರಮ್ಮ ದನಿ ತಗ್ಗಿಸಿದಳು. "ಅದಿನೈದು ತುಂಬ್ತು, ಇನ್ನೂ ದೊಡ್ಡೋಳಾಗಿಲ್ಲ."

ಈ ಕೂಸಿಗೆ ಮುಂದೆ ಮಕ್ಕಳೇ ಆಗದಿದ್ದರೆ ಎಂಬ ಭಯ ಅವಳ ನಿದ್ದೆಯನ್ನೇ ತಿಂದಿತ್ತು.

ಡಾಕ್ಟರ್ ಹಾಳೆ ತಿರುವುತ್ತ ಪೆನ್ನಿನ ತುದಿಯಿಂದ ಚುಕ್ಕೆಯಿಂದ ಚುಕ್ಕೆಗೆ ದಿನ ಎಣಿಸಿದರು. ಇಪ್ಪತ್ತೆಂಟು ದಿನ, ಇಪ್ಪತ್ತೊಂಬತ್ತು, ಮತ್ತೆ ಇಪ್ಪತ್ತೆಂಟು. ಮಧುಶ್ರೀಯನ್ನು ಪರದೆಯ ಹಿಂದೆ ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ ಬಂದು ಕೂತರು.

"ಇವಳು ದೊಡ್ಡೋಳಾಗಿ ಎಂಟು ತಿಂಗಳಾಯ್ತಮ್ಮ. ಮುಟ್ಟು ತಿಂಗಳು ತಿಂಗಳು ಆಗ್ತಾನೇ ಇದೆ. ದಾರಿಗೆ ಒಂದು ತೆಳು ಪೊರೆ ಅಡ್ಡ ಇದೆ, ಹುಟ್ಟಿದಾಗಿಂದ್ಲೇ. ರಕ್ತ ಒಳಗೇ ತುಂಬ್ಕೊಂಡಿದೆ. ಚಿಕ್ಕ ಆಪರೇಷನ್, ಅರ್ಧ ಗಂಟೆ."

"ಮಕ್ಳು...?"

"ಗರ್ಭಕೋಶ ಚೆನ್ನಾಗಿದೆ. ಅವಳು ಬೇಕು ಅಂದಾಗ ಆಗ್ತವೆ."

ಮಾರಮ್ಮನಿಗೆ ನಗು, ಅಳು ಒಟ್ಟಿಗೇ ಬಂದವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ, ಅವಳಿಗೆ ಬೇಕಾಯಿತು. ಹಸುವಿನ ಸರದಿ ಬೆರಳ ತುದಿಯಲ್ಲಿದ್ದವಳಿಗೆ ಪಕ್ಕದ ಚುಕ್ಕೆಗಳ ಸರದಿ ಕಂಡೇ ಇರಲಿಲ್ಲ.

"ನಾನೆಂಥ ದಡ್ಡಿ!"

"ನೀವು ಚುಕ್ಕೆ ಇಟ್ಟಿದ್ದಕ್ಕೇ ನಂಗೆ ಬೇಗ ಗೊತ್ತಾಗಿದ್ದು," ಎಂದರು ಡಾಕ್ಟರ್.

ಸಂಜೆ ಸೊಸೆ ಸುಮಾ, ಮಧುಶ್ರೀಯ ಅಮ್ಮ, ಗಾರ್ಮೆಂಟ್ಸ್‌ನಿಂದ ನೇರ ಬಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಮರುದಿನ ಆಪರೇಷನ್ ಆಯಿತು. ಮುಂದಿನ ತಿಂಗಳು ಮುಟ್ಟು ತಾನಾಗಿ, ಸಲೀಸಾಗಿ ಬಂತು. ಚಪ್ಪರ ಹಾಕಿ ದೊಡ್ಡವಳಾದ ಒಸಗೆ ಮಾಡೋಣವೆಂದರೆ ಮಧುಶ್ರೀ ಬಿಲ್ಕುಲ್ ಒಪ್ಪಲಿಲ್ಲ.

"ಊರಿಗೆಲ್ಲ ಯಾಕಜ್ಜಿ ಹೇಳ್ಬೇಕು?"

ಅಜ್ಜಿ ಚಪ್ಪರ ಬಿಟ್ಟುಕೊಟ್ಟಳು, ಚಿಗಳಿ ಬಿಡಲಿಲ್ಲ. ಎಳ್ಳು, ಬೆಲ್ಲ ಕುಟ್ಟಿ ಉಂಡೆ ಕಟ್ಟಿ, ಡಬ್ಬಿ ಹಿಡಿದು ಮೊಮ್ಮಗಳ ಜೊತೆ ಯಲಹಂಕದ ಅದೇ ಆಸ್ಪತ್ರೆಯ ಸಾಲಿನಲ್ಲಿ ನಿಂತಳು.

"ಮೊದ್ಲ ಉಂಡೆ ಸೋದರತ್ತೆ ತಿನ್ನಿಸ್ಬೇಕು ತಾಯಿ. ಇವಳಿಗೆ ಸೋದರತ್ತೆ ಇಲ್ಲ. ನೀವೇ ತಿನ್ಸಿ. ನಿಮ್ ಋಣ ಇಂಗಾದ್ರೂ ನೆನೀತೀವಿ."

ಡಾಕ್ಟರ್ ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದರು. ಮಧುಶ್ರೀ ನಾಚಿ ಕಣ್ಣು ಮುಚ್ಚಿ ಬಾಯಿ ತೆರೆದಳು. ಮಾರಮ್ಮ ಇನ್ನೊಂದು ಉಂಡೆ ತೆಗೆದು ಡಾಕ್ಟರ ಬಾಯಿಗೇ ಹಿಡಿದಳು, ಅವರು ಬೇಡವೆನ್ನಲಿಲ್ಲ.

ಮುಂದಿನ ಟೋಕನ್ ಕೂಗಿದಾಗ ಡಾಕ್ಟರ ತುಟಿಯಂಚಿನಲ್ಲಿ ಒಂದು ಕರಿ ಎಳ್ಳು ಹಾಗೇ ಅಂಟಿಕೊಂಡಿತ್ತು.